ಅಟ್ಟದ ಹಲಗೆಯ ಸಂಸ್ಕಾರ

ಸಂಸ್ಕಾರವೆಂಬುದು ಎರಡು ವಿಧವೆಂದು ಶಾಸ್ತ್ರಜ್ಞರು ಹೇಳುವರು. ಇರುವ ದೋಷವನ್ನು ಕಳೆಯುವುದೊಂದು, ಇಲ್ಲದ ಗುಣವನ್ನು ಸೇರಿಸುವುದು ಮತ್ತೊಂದು. ಮೂವತ್ತು ವರ್ಷ ಜಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಇದನ್ನು ಅನೇಕಾವರ್ತಿ ಬೋಧಿಸಿದ್ದೆವು. ಆದರೆ ಇದರ ಮರ್ಮವು ನಮಗೆ ತಿಳಿದದ್ದು ನಿವೃತ್ತರಾಗಿ ಚನ್ನಗಿರಿಯ ಹಿರಿಯರ ಮನೆಗೆ ಮರಳಿದ ಮೇಲೆ, ಒಬ್ಬ ಬಡಗಿಯ ದೆಸೆಯಿಂದ.

ಜಗಳೂರು ಮಳೆ ಕಡಮೆಯ ಸೀಮೆ. ಅಲ್ಲಿ ನಾವಿದ್ದ ಮನೆಯದು ಕಲ್ಲುಚಪ್ಪಡಿಯ ನೆಲ. ಚನ್ನಗಿರಿಯಾದರೋ ಅಡಕೆಯ ನಾಡು. ನಮ್ಮ ಮನೆಯ ಅಟ್ಟಕ್ಕೆ ಹೊನ್ನೆಯ ಹಲಗೆ ಹಾಸಿದೆ. ಬಹುಕಾಲದ ಹೊಗೆ, ಧೂಳು, ಜಿಡ್ಡುಗಳಿಂದ ಅದು ಕಪ್ಪಾಗಿತ್ತು. ಕಿತ್ತು ಹೊಸದನ್ನು ಹಾಕಿಸೋಣವೆಂದು ಮಗನು ಹೇಳಿದನು. ನಾವು ಒಪ್ಪದೆ, ನ್ಯಾಮತಿಯಿಂದ ವೃದ್ಧ ಬಡಗಿಯೊಬ್ಬರನ್ನು ಕರೆಸಿದೆವು.

ಅವರು ಮೊದಲು ಮೇಲೆದ್ದ ಮೊಳೆಗಳನ್ನೆಲ್ಲ ಒಳಕ್ಕೆ ತಗ್ಗಿಸಿದರು. ಇಲ್ಲವಾದರೆ ಉಪ್ಪುಕಾಗದ ಹರಿಯುವುದಂತೆ. ಅನಂತರ ಉಜ್ಜುವ ಯಂತ್ರಕ್ಕೆ 40ನೆಯ ಅಂಕದ ಒರಟು ಕಾಗದ, ಆಮೇಲೆ 80, ಕಡೆಗೆ 120, ಹೀಗೆ ಕ್ರಮವಾಗಿ ಹಾಕಿ, ಮರದ ಎಳೆ ಹೋದ ದಿಕ್ಕಿನಲ್ಲಿಯೇ ಉಜ್ಜಿದರು. ಅವಸರಪಟ್ಟು ನಡುವಿನ ಕಾಗದವನ್ನು ಬಿಟ್ಟರೆ ಒರಟಿನ ಗೀರುಗಳು ಎಣ್ಣೆ ಕುಡಿದೊಡನೆ ಎದ್ದು ಕಾಣುವುವು. ಧೂಳನ್ನು ಒದ್ದೆ ಬಟ್ಟೆಯಿಂದ ಒರಸಹೋದ ನಮ್ಮನ್ನು ಅವರು ತಡೆದರು. ನೀರು ತಾಕಿದರೆ ಎಳೆ ಏಳುವುದು, ಹೊನ್ನೆಯು ಹಳದಿ ಬಣ್ಣ ಬಿಡುವುದು. "ಹೊಳಪು ಎಣ್ಣೆಯದಲ್ಲ ಮೇಷ್ಟ್ರೇ, ಉಜ್ಜಿದ ಕೈಯದು" ಎಂದರು.

ಮೂಲೆಯ ಹಲಗೆಯೊಂದರ ಮೇಲೆ ಏಳು ಆಳವಾದ ಗೀರುಗಳಿದ್ದುವು. "ಇವನ್ನೂ ತೆಗೆದುಬಿಡಿ, ಆಚಾರ್ರೇ" ಎಂದೆವು. ಅವರು ಯಂತ್ರವನ್ನು ನಿಲ್ಲಿಸಿದರು. "ತೆಗೆಯಬಹುದು. ಆದರೆ ಹಲಗೆ ಒಂದಂಗುಲದ್ದು, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಇದು ಸಾಮಾನು ಎಳೆದ ಗೀರೂ ಅಲ್ಲ. ಯಾರೋ ಎಣಿಸಿ ಕೊರೆದಿದ್ದಾರೆ. ಮನೆಯವರನ್ನು ಕೇಳಿ ನೋಡಿ."

ಅಂದು ಹೊನ್ನಾಳಿಯಿಂದ ನಮ್ಮ ಅಕ್ಕ ಬಂದಿದ್ದಳು. ನೋಡಿದೊಡನೆಯೇ, "ಅಮ್ಮನ ಲೆಕ್ಕವಲ್ಲವೇನೋ ಇದು! 1983ರಲ್ಲಿ ನಿನ್ನನ್ನು ಮೈಸೂರಿಗೆ ಓದಲು ಕಳುಹಿಸುವಾಗ ಏಳು ಮೂಟೆ ಅಡಕೆ ಮಾರಿದಳು. ಒಂದೊಂದು ಮೂಟೆ ಕೆಳಗಿಳಿದಾಗಲೂ ಕುಡುಗೋಲಿನ ತುದಿಯಿಂದ ಒಂದೊಂದು ಗೀರು ಎಳೆದಳು" ಎಂದಳು.

ನಮ್ಮ ತಾಯಿಗೆ ಅಕ್ಷರ ಬಾರದು. ಮಹಾರಾಜ ಸಂಸ್ಕೃತ ಮಹಾಪಾಠಶಾಲೆಯಲ್ಲಿ ನಾವು ಕಲಿತದ್ದಕ್ಕೆಲ್ಲ ಮೂಲವಾದ ಆಕೆಯ ಬರಹವನ್ನೇ ದೋಷವೆಂದು ಅಳಿಸಹೊರಟಿದ್ದೆವು. ಬಹಳ ಹೊತ್ತು ನಮಗೆ ಮಾತು ಹೊರಡಲಿಲ್ಲ.

ಆಚಾರ್ಯರು ಆ ಹಲಗೆಯನ್ನು ಮಾತ್ರ ಕೈಯಿಂದಲೇ ನಯವಾಗಿ ಉಜ್ಜಿ, ಎಲ್ಲಕ್ಕೂ ಎರಡು ಸಲ ಅಗಸೆಯೆಣ್ಣೆ ಹಚ್ಚಿದರು. ಗೃಹಿಣಿಯರು ಇಲ್ಲಿ ಒಂದು ಮಾತನ್ನು ನೆನಪಿಡತಕ್ಕದ್ದು. ಈ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆಯು ಗಾಳಿಗೆ ಒಣಗುವಾಗ ಕಾವು ಹುಟ್ಟಿ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅವನ್ನು ನೀರಿನಲ್ಲಿ ನೆನೆಯಿಡಬೇಕು, ಇಲ್ಲವೆ ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು.

ಈಗ ಅಟ್ಟವು ಹೊಂಬಣ್ಣವಾಗಿದೆ. ಏಳು ಗೀರುಗಳೂ ಎಣ್ಣೆ ಕುಡಿದು ಸ್ಪಷ್ಟವಾಗಿ ನಿಂತಿವೆ. ದೋಷವನ್ನು ಕಳೆಯಹೊರಟವನು ದೋಷವಾವುದೆಂಬುದನ್ನು ಮೊದಲು ತಿಳಿಯಬೇಕು. ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಬೇಕು. ನಾವು ಕೇಳಿದ್ದು ಅರವತ್ತನೆಯ ವಯಸ್ಸಿನಲ್ಲಿ, ಅದೂ ಬಡಗಿಯು ಹೇಳಿದ ಮೇಲೆ.