ಹೊಸ ಬೈಕಿಗೊಂದು ದಿನಚರಿ

ಹಳೆಯ ಗಾಡಿ ದಾರಿಯಲ್ಲಿ ಕೈಕೊಟ್ಟರೆ ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಾರೆ. ಒಬ್ಬರು ತಳ್ಳಲು ಬರುತ್ತಾರೆ, ಇನ್ನೊಬ್ಬರು ಪ್ಲಗ್ ಬಿಚ್ಚಿ ಕೊಡುತ್ತಾರೆ. ಹೊಸ ಗಾಡಿ ಕೈಕೊಟ್ಟರೆ ಮಾತ್ರ ಯಾರೂ ನಂಬುವುದಿಲ್ಲ. ಪೂಜೆಯ ಕುಂಕುಮ ಇನ್ನೂ ಮಾಸದ, ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಕಿತ್ತಿರದ ಬೈಕು ರಸ್ತೆ ನಡುವೆ ನಿಂತುಬಿಟ್ಟರೆ ಎಲ್ಲರ ಕಣ್ಣೂ ಬೀಳುವುದು ಬೈಕಿನ ಮೇಲಲ್ಲ, ಅದನ್ನು ಓಡಿಸುತ್ತಿದ್ದವರ ಮೇಲೆ. ಓಡಿಸುತ್ತಿದ್ದವಳು ಹತ್ತೊಂಬತ್ತು ವರ್ಷದ ಹುಡುಗಿಯಾದರಂತೂ ಮುಗಿಯಿತು. ವಿಚಾರಣೆಯೇ ಇಲ್ಲದೆ ತೀರ್ಪು ಸಿದ್ಧ.

ನಾವಿರುವುದು ನಂಜನಗೂಡಿನಲ್ಲಿ. ಮಗಳು ಓದುವುದು ಮೈಸೂರಿನ ಕಾಲೇಜೊಂದರಲ್ಲಿ, ಎರಡನೇ ವರ್ಷದ ಬಿ.ಎಸ್ಸಿ. ಹೋಗಲು ಇಪ್ಪತ್ತೈದು ಕಿಲೋಮೀಟರ್, ಬರಲು ಇಪ್ಪತ್ತೈದು. ಪ್ರಾಕ್ಟಿಕಲ್ ಮುಗಿಸಿ, ಸಿಟಿ ಬಸ್ಸು ಹಿಡಿದು, ಅಲ್ಲಿಂದ ನಂಜನಗೂಡಿನ ಬಸ್ಸು ಸಿಕ್ಕಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿ, ಹುಡುಗಿಗೆ ಪುಸ್ತಕ ತೆರೆಯುವ ಚೈತನ್ಯವೇ ಉಳಿಯುತ್ತಿರಲಿಲ್ಲ. ಹೀಗಾಗಿ ಬ್ಯಾಂಕಿನ ಕಂತಿನ ಮೇಲೆ ಒಂದು ಬೈಕು ಕೊಂಡೆವು. ‘ಹುಡುಗಿಗೆ ಸ್ಕೂಟರ್ ಸಾಲದೇ?’ ಎಂದವರು ಬಹಳ. ಆದರೆ ದೊಡ್ಡ ಚಕ್ರದ ಗಾಡಿ ಹೊಂಡದಲ್ಲಿ ಕಡಿಮೆ ಅಲುಗುತ್ತದೆ ಎಂಬುದು ಅವಳ ವಾದ. ಭೌತಶಾಸ್ತ್ರ ಓದುವವರ ಜೊತೆ ವಾದಿಸಿ ಗೆದ್ದವರುಂಟೇ! ಶ್ರೀಕಂಠೇಶ್ವರನ ಮುಂದೆ ಪೂಜೆ ಮಾಡಿಸಿ, ಎರಡೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು.

ಹತ್ತು ದಿನ ಗಾಡಿ ಹೂವಿನಂತೆ ಓಡಿತು. ಹನ್ನೊಂದನೆಯ ದಿನ ಸಂಜೆ ಕಡಕೊಳದ ಹತ್ತಿರ ಇದ್ದಕ್ಕಿದ್ದಂತೆ ಇಂಜಿನ್ ಆಫ್ ಆಯಿತು. ಹಿಂದೆ ಕಬ್ಬಿನ ಲಾರಿ. ಡ್ರೈವರ್ ಬ್ರೇಕ್ ಹಾಕಿ, ಬೈದು, ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಇವಳು ಗಾಡಿ ತಳ್ಳಿ ಬದಿಗೆ ನಿಲ್ಲಿಸಿ ಸ್ಟಾರ್ಟ್ ಬಟನ್ ಒತ್ತಿದರೆ ಸದ್ದೇ ಇಲ್ಲ. ಐದು ನಿಮಿಷ ಬಿಟ್ಟು ಒತ್ತಿದಾಗ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮನೆಗೆ ಬಂದವಳ ಮುಖ ನೋಡಿ ನನಗೆ ಊಟ ಸೇರಲಿಲ್ಲ. ಆ ಲಾರಿ ಇನ್ನೂ ಹತ್ತು ಅಡಿ ಹತ್ತಿರವಿದ್ದಿದ್ದರೆ ಎಂಬ ಲೆಕ್ಕವನ್ನು ತಾಯಿಯ ಮನಸ್ಸು ರಾತ್ರಿಯಿಡೀ ಹಾಕುತ್ತದೆ.

ಮಾರನೆಯ ದಿನದಿಂದ ಸರ್ವೀಸ್ ಸ್ಟೇಷನ್ನಿನ ಯಾತ್ರೆ ಶುರುವಾಯಿತು. ಮೊದಲ ಸಲ, ‘ಹೊಸ ಇಂಜಿನ್ ಮೇಡಂ, ಬಿಗಿ ಇರುತ್ತೆ, ಓಡ್ತಾ ಓಡ್ತಾ ಸರಿಹೋಗುತ್ತೆ’ ಎಂದರು. ಇದು ಪೂರ್ತಿ ಸುಳ್ಳಲ್ಲ. ಹೊಸ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು, ಗೇರಿನ ಹಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಹಾಗೆ ಉಜ್ಜಿದಾಗ ಬಿಡುವ ಲೋಹದ ಸಣ್ಣ ಪುಡಿ ಎಣ್ಣೆಗೆ ಸೇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಮೊದಲ ಸರ್ವೀಸನ್ನು ಅಷ್ಟು ಬೇಗ ಮಾಡಿ ಎಣ್ಣೆ ಬದಲಿಸುವುದು ಅದಕ್ಕೇ. ಆದರೆ ಬಿಗಿಯಾದ ಇಂಜಿನ್ ಬಿಸಿಯಾಗಬಹುದು, ಮೈಲೇಜು ಕಡಿಮೆ ಕೊಡಬಹುದು. ದೀಪ ಆರಿಸಿದ ಹಾಗೆ ಫಕ್ಕನೆ ನಿಲ್ಲುವುದಿಲ್ಲ.

ಎರಡನೆಯ ಸಲ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ನೋಡಿದರು. ‘ಯಾವ ಎರರ್ ಕೋಡೂ ಇಲ್ಲ, ಗಾಡಿ ಪರ್ಫೆಕ್ಟ್’ ಎಂದರು. ಮೂರನೆಯ ಸಲ ಅಲ್ಲಿಯ ಹುಡುಗನೊಬ್ಬ ನುಣ್ಣನೆಯ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಂದು, ನನ್ನ ಯಜಮಾನರನ್ನು ಪಕ್ಕಕ್ಕೆ ಕರೆದು, ‘ಸಾರ್, ಪಾಪು ಕ್ಲಚ್ ಬಿಡೋದರಲ್ಲಿ ಎಡವಟ್ಟು ಮಾಡ್ಕೋತಿರಬೇಕು’ ಎಂದ. ಮೆಲ್ಲಗೆ ಹೇಳಿದನಾದರೂ ‘ಪಾಪು’ವಿನ ಕಿವಿಗೆ ಅದು ಬಿದ್ದಿತ್ತು.

ನನಗೆ ನಿಜವಾಗಿ ಆತಂಕವಾದದ್ದು ಆಮೇಲೆ. ಎರಡು ದಿನ ಬೈಕು ಅಂಗಳದಲ್ಲೇ ನಿಂತಿತು, ಇವಳು ಬಸ್ಸಿಗೆ ಹೋದಳು. ಮೂರನೆಯ ದಿನ ತಲೆ ಬಾಚಿಸಿಕೊಳ್ಳುತ್ತಾ, ‘ಅಮ್ಮಾ, ನನಗೇ ಓಡ್ಸೋಕೆ ಬರಲ್ವೇನೋ’ ಎಂದಳು. ಗಾಡಿಯ ರಿಪೇರಿಗೆ ವಾರಂಟಿ ಇದೆ. ಈ ಮಾತಿಗೆ ಯಾವ ವಾರಂಟಿ?

ಅಷ್ಟರಲ್ಲಿ ನನ್ನ ತಂದೆ ಮೈಸೂರಿನಿಂದ ಬಂದರು. ಅಪ್ಪ ಕೆಲಸ ಮಾಡಿದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಮೋಟಾರ್ ಸೈಕಲ್ ತಯಾರಿಸಲು ತೊಡಗಿ, ಜಾವಾ, ಆಮೇಲೆ ಯೆಜ್ಡಿ ಎಂದು ದೇಶಕ್ಕೆಲ್ಲ ಮೈಸೂರಿನ ಗಾಡಿ ಕಳಿಸಿ, 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಬಗ್ಗಿಸಿ ಗೇರ್ ಕಡ್ಡಿಯಾಗಿ ಮಾಡಿಕೊಳ್ಳುವ ಗಾಡಿ ಎಂದರೆ ಈಗಿನ ಮಕ್ಕಳು ತಮಾಷೆ ಎಂದುಕೊಳ್ಳುತ್ತಾರೆ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕಾಗಿದ್ದ ಕಾಲ. ಪ್ಲಗ್ಗಿಗೆ ಮಸಿ ಹಿಡಿದರೆ ಉಜ್ಜಿ ಹಾಕಿಕೊಂಡು ಹೋಗುತ್ತಿದ್ದರು.

ಎಲ್ಲ ಕೇಳಿದ ಅಪ್ಪ ಗಾಡಿಯ ಹತ್ತಿರವೂ ಹೋಗಲಿಲ್ಲ. ‘ಎಷ್ಟು ಸಲ ನಿಂತಿದೆ?’ ಎಂದು ಮೊಮ್ಮಗಳನ್ನು ಕೇಳಿದರು.

‘ತುಂಬಾ ಸಲ ತಾತ.’

‘ತುಂಬಾ ಅನ್ನೋದು ಲೆಕ್ಕ ಅಲ್ಲ ಕಣಮ್ಮ. ಎಲ್ಲೆಲ್ಲಿ? ಬಿಸಿಯಾಗಿದ್ದಾಗಲೋ, ತಣ್ಣಗಿದ್ದಾಗಲೋ? ಪೆಟ್ರೋಲ್ ಎಷ್ಟಿತ್ತು? ಯಾವ ಗೇರು? ನಿಂತ ಮೇಲೆ ಹಾರನ್ ಬಡಕೊಂಡಿತೋ ಇಲ್ಲವೋ?’

ಇವಳ ಬಳಿ ಉತ್ತರವಿರಲಿಲ್ಲ. ಯಾರೂ ಈ ಪ್ರಶ್ನೆಗಳನ್ನು ಇದುವರೆಗೆ ಕೇಳಿರಲೂ ಇಲ್ಲ. ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳಿಗೆ ಅಡ್ಡಗೆರೆ, ಉದ್ದಗೆರೆ ಎಳೆದು ಈ ಪ್ರಶ್ನೆಗಳನ್ನೇ ತಲೆಬರಹ ಮಾಡಿಕೊಂಡಳು. ಹೆದ್ದಾರಿಯಲ್ಲಿ ಈ ಪರೀಕ್ಷೆ ಬೇಡವೆಂದು ನಾನು ಕಟ್ಟುನಿಟ್ಟು ಮಾಡಿದೆ. ಕಾಲೇಜಿಗೆ ಬಸ್ಸು, ಬೈಕು ಬೆಳಿಗ್ಗೆ ಸಂಜೆ ಊರೊಳಗಿನ ರಸ್ತೆಗಳಲ್ಲಿ ಮಾತ್ರ. ಹಿಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ನೋಟ್‌ಬುಕ್ಕು. ನೋಡಿದವರು ತಾಯಿ ಮಗಳು ಜನಗಣತಿಗೆ ಹೊರಟಿದ್ದಾರೆ ಎಂದುಕೊಂಡಿರಬೇಕು!

ಒಂದು ವಾರದಲ್ಲಿ ಹನ್ನೊಂದು ಸಾಲು ತುಂಬಿತು. ಪೆಟ್ರೋಲ್ ಒಮ್ಮೆ ತುಂಬಿತ್ತು, ಒಮ್ಮೆ ಅರ್ಧ, ಒಮ್ಮೆ ಕಾಲು. ಅಂದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಸಿಯಲ್ಲೂ ನಿಂತಿದೆ, ತಣ್ಣಗಿರುವಾಗಲೂ ನಿಂತಿದೆ. ಪ್ರತಿ ಸಲವೂ ಇಂಜಿನ್ ನಿಂತ ಮೇಲೆ ಮೀಟರಿನ ದೀಪ ಉರಿಯುತ್ತಿತ್ತು, ಹಾರನ್ ಜೋರಾಗಿಯೇ ಕೂಗುತ್ತಿತ್ತು. ‘ಹಾಗಾದರೆ ಬ್ಯಾಟರಿ ಟರ್ಮಿನಲ್ ಸಡಿಲವಾಗಿಲ್ಲ, ಆಗಿದ್ದರೆ ಎಲ್ಲ ಒಟ್ಟಿಗೆ ಆರಬೇಕಿತ್ತು’ ಎಂದು ಅಪ್ಪ ಒಂದು ಕಾಲಂ ಹೊಡೆದು ಹಾಕಿದರು. ಉಳಿದದ್ದು ಎರಡು. ಹನ್ನೊಂದರಲ್ಲಿ ಹತ್ತು ಸಲ ನಿಂತದ್ದು ಹಂಪ್ ಅಥವಾ ಹೊಂಡ ದಾಟಿದ ಕೂಡಲೇ. ಹನ್ನೊಂದೂ ಸಲ ಗಾಡಿ ಗೇರಿನಲ್ಲಿತ್ತು. ನಮ್ಮ ಬೀದಿಯ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲೇ ಇಂಜಿನ್ ಓಡುತ್ತಿರುವಾಗ ಅದೇ ಹಂಪ್ ಮೇಲೆ ಆರು ಸಲ ಇಳಿಸಿದರೂ ಒಮ್ಮೆಯೂ ನಿಂತಿರಲಿಲ್ಲ.

ಹಂಪ್ ಇಲ್ಲದ ಆ ಒಂದು ಸಲ ಏನಾಗಿತ್ತು? ಅವಳ ಅಕ್ಷರದಲ್ಲೇ ಇತ್ತು: ‘ತರಕಾರಿ ಅಂಗಡಿ ಮುಂದೆ. ಸೈಡ್ ಸ್ಟ್ಯಾಂಡ್ ಎತ್ತಿದೆ. ಸ್ಟಾರ್ಟ್ ಆಯಿತು. ಒಂದನೇ ಗೇರ್ ಹಾಕಿದೆ. ನಿಂತಿತು.’

ಅಪ್ಪ ಆ ಸಾಲನ್ನು ಎರಡು ಸಲ ಓದಿ, ‘ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರಲ್ಲ, ತಗೊಂಬಾ’ ಎಂದರು. ಹೊಸ ಗಾಡಿಯ ಪುಸ್ತಕವನ್ನು ಆರ್.ಸಿ., ಇನ್ಶೂರೆನ್ಸ್ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕುವುದು ನಮ್ಮಲ್ಲಿ ಸಂಪ್ರದಾಯ. ಅದನ್ನು ಹೊರತೆಗೆದು ತಾತ ಮೊಮ್ಮಗಳು ಇಬ್ಬರೂ ಕೂತು ಓದಿದರು. ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಒಂದು ಸ್ವಿಚ್ಚಿದೆ. ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಇಂಜಿನ್ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿದ್ದರೆ ನಿಲ್ಲುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸ್ಟ್ಯಾಂಡ್ ಮೇಲಿದ್ದರೂ ಆ ಸ್ವಿಚ್ಚು ಅಲುಗಿದಾಗ ‘ಕೆಳಗಿದೆ’ ಎಂದು ಸುಳ್ಳು ಹೇಳುತ್ತಿದ್ದರೆ? ಸ್ಟಾರ್ಟ್ ಬಟನ್ ಕೆಲವೊಮ್ಮೆ ಮೂಕವಾಗುತ್ತಿದ್ದುದಕ್ಕೂ ಅದೇ ಕಾರಣ. ಸ್ಟ್ಯಾಂಡಿನ ಚಿಹ್ನೆ ಮೀಟರಿನಲ್ಲಿ ಬೆಳಗುವ ಗಾಡಿಗಳುಂಟು. ನಮ್ಮದರಲ್ಲಿ ಆ ದೀಪವಿಲ್ಲ.

ಕಂಪ್ಯೂಟರ್ ಏಕೆ ಹೇಳಲಿಲ್ಲ ಎಂದು ನನಗೆ ಕುತೂಹಲ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ನಮ್ಮ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಇಂಧನವನ್ನು ಅಳೆದು ಸಿಂಪಡಿಸುವ ವ್ಯವಸ್ಥೆ ಬಂದಿದೆ. ಅದನ್ನು ಆಳುವ ಪುಟ್ಟ ಕಂಪ್ಯೂಟರು ತನಗೆ ಗೊತ್ತಾದ ದೋಷಗಳನ್ನು ನೆನಪಿಟ್ಟುಕೊಳ್ಳುತ್ತದೆ. ಮಗಳು ವಿವರಿಸಿದಳು: ‘ಅಮ್ಮಾ, ಸ್ಟ್ಯಾಂಡ್ ಕೆಳಗಿರೋದು ದೋಷ ಅಲ್ವಲ್ಲ. ಯಾರೋ ಸ್ಟ್ಯಾಂಡ್ ಇಳಿಸಿದರು, ನಾನು ಇಂಜಿನ್ ನಿಲ್ಲಿಸಿದೆ ಅಂತ ಅದು ಅಂದ್ಕೊಳ್ಳುತ್ತೆ.’ ತನ್ನ ಕರ್ತವ್ಯ ನಿಷ್ಠೆಯಿಂದ ಮಾಡಿದ ಗುಮಾಸ್ತನಂತೆ ಅದು ‘ಎಲ್ಲ ಸರಿಯಾಗಿದೆ’ ಎಂದು ಷರಾ ಬರೆದಿತ್ತು.

ಊಹೆ ಸಾಲದು, ತೋರಿಸಬೇಕು ಎಂದರು ಅಪ್ಪ. ಅಂಗಳದಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಸೈಡ್ ಸ್ಟ್ಯಾಂಡ್ ಮಡಚಿ, ಇಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಗೇರ್ ಹಾಕಿ ಮಗಳು ಕುಳಿತಳು. ಅಪ್ಪ ಮರದ ಕೋಲಿನಿಂದ ಸೈಡ್ ಸ್ಟ್ಯಾಂಡಿನ ಬುಡಕ್ಕೆ ಮೆಲ್ಲಗೆ ತಟ್ಟಿದರು. ಎರಡನೆಯ ಏಟಿಗೆ ಇಂಜಿನ್ ಆಫ್. ಮತ್ತೆ ಮಾಡಿದರು, ಮತ್ತೆ ಆಫ್. ನ್ಯೂಟ್ರಲ್‌ನಲ್ಲಿಟ್ಟು ತಟ್ಟಿದರೆ ಏನೂ ಇಲ್ಲ. ನಾನು ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿದೆ. ಅಂದು ರಾತ್ರಿ ಮಗಳು ಎರಡು ಚಪಾತಿ ಹೆಚ್ಚು ತಿಂದಳು.

ಇಷ್ಟಾದ ಮೇಲೆ ಸಲಹೆಗಾರರಿಗೆ ಬರವೇ? ಎದುರುಮನೆಯ ಹುಡುಗ, ‘ಆಂಟಿ, ಎರಡು ವೈರ್ ಕತ್ತರಿಸಿ ಸೇರಿಸಿಬಿಟ್ರೆ ಆಯ್ತು, ಸ್ವಿಚ್ಚೇ ಬೇಡ. ಎಲ್ಲರೂ ಡೈರೆಕ್ಟ್ ಮಾಡಿಸ್ಕೊಂಡಿದಾರೆ’ ಎಂದ. ಹೀಗೆ ಮಾಡಿಸಿಕೊಂಡವರು ಅನೇಕರಿರುವುದು ನಿಜವೇ ಇರಬೇಕು. ಅಪ್ಪ ಗದರಿಬಿಟ್ಟರು. ಸ್ಟ್ಯಾಂಡ್ ಎತ್ತಲು ಮರೆತು ಹೊರಟವನು ಎಡಕ್ಕೆ ವಾಲಿಸಿ ತಿರುಗಿಸಿದಾಗ ಸ್ಟ್ಯಾಂಡಿನ ತುದಿ ರಸ್ತೆಗೆ ತಗುಲುತ್ತದೆ, ಗಾಡಿ ಎಗರಿ ಸವಾರನನ್ನು ಎಸೆಯುತ್ತದೆ. ‘ನಮ್ಮ ಗಾಡೀಲಿ ಈ ಸ್ವಿಚ್ಚು ಇರಲಿಲ್ಲ. ಅದಕ್ಕೇ ಎಷ್ಟು ಜನರ ಮಂಡಿಚಿಪ್ಪು ಹೋಗಿದೆ ಗೊತ್ತಾ?’ ಎಂದರು. ಅಲ್ಲದೆ ಹೊರಗೆ ವೈರ್ ಕತ್ತರಿಸಿದ ಗಾಡಿ ಒಯ್ದರೆ ವಾರಂಟಿಯ ಮಾತು ತೆಗೆಯಲು ನಮಗೆ ಬಾಯಿರುತ್ತಿರಲಿಲ್ಲ.

ಪರಿಚಯದ ವಕೀಲರೊಬ್ಬರು ಬಳಕೆದಾರರ ಆಯೋಗಕ್ಕೆ ಹೋಗಿ ಎಂದರು. 2019ರ ಕಾಯಿದೆಯ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲವಂತೆ. ‘ಆದರೆ ಪ್ರತಿ ಸಲದ ಜಾಬ್ ಕಾರ್ಡ್ ಇಟ್ಟುಕೊಂಡಿದ್ದೀರಾ?’ ಎಂದು ಕೇಳಿದರು. ಮೂರೂ ಇದ್ದವು. ತೆಗೆದು ನೋಡಿದರೆ ದೂರಿನ ಜಾಗದಲ್ಲಿ ಮೂರರಲ್ಲೂ ‘ಜನರಲ್ ಚೆಕಪ್’ ಎಂದಷ್ಟೇ ಅವರು ಬರೆದುಕೊಂಡಿದ್ದರು!

ನಾಲ್ಕನೆಯ ಸಲ ಮಗಳೇ ಕೌಂಟರಿನ ಮುಂದೆ ನಿಂತಳು. ಯಜಮಾನರೂ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತೆವು. ‘ಏನು ಪ್ರಾಬ್ಲಂ ಮೇಡಂ?’ ಎಂದವನಿಗೆ ಅವಳು ಹೇಳಿದ್ದನ್ನೇ ಬರೆಯಲು ಹೇಳಿದಳು: ‘ಗೇರಿನಲ್ಲಿರುವಾಗ ಹಂಪ್ ದಾಟಿದರೆ ಇಂಜಿನ್ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ನಿಲ್ಲುವುದಿಲ್ಲ. ಮೀಟರ್, ಹಾರನ್ ಸರಿಯಾಗಿವೆ. ಸೈಡ್ ಸ್ಟ್ಯಾಂಡ್ ಸ್ವಿಚ್ ಪರೀಕ್ಷಿಸಿ.’ ಅವನು ಬರೆದು ಮುಗಿಸುವವರೆಗೆ ಸಹಿ ಹಾಕಲಿಲ್ಲ. ಆಮೇಲೆ ನೋಟ್‌ಬುಕ್ಕು, ವಿಡಿಯೋ ಎರಡನ್ನೂ ಮುಂದಿಟ್ಟಳು.

ಒಳಗಿನಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೈ ಒರೆಸಿಕೊಳ್ಳುತ್ತಾ ಬಂದು ಆ ಹಾಳೆ ಓದಿದರು. ಬೇರೇನೂ ಕೇಳದೆ ಗಾಡಿಯ ಎಡಬದಿಗೆ ಮಂಡಿಯೂರಿ ಕುಳಿತು ಸ್ಕ್ರೂಡ್ರೈವರ್ ಇಟ್ಟರು. ಸ್ವಿಚ್ಚನ್ನು ಹಿಡಿದಿಟ್ಟ ಸ್ಕ್ರೂ ಪೂರ್ತಿ ಬಿಗಿಯಾಗಿರಲಿಲ್ಲ. ಬೆರಳಲ್ಲಿ ಮುಟ್ಟಿದರೆ ಸ್ವಿಚ್ಚು ಅಲ್ಲಾಡುತ್ತಿತ್ತು. ಸ್ಕ್ರೂ ಬಿಗಿದದ್ದಲ್ಲದೆ, ಅಲುಗಾಡಿ ಸವೆದಿರಬಹುದೆಂದು ಸ್ವಿಚ್ಚನ್ನೂ ವಾರಂಟಿಯಲ್ಲೇ ಬದಲಿಸಿಕೊಟ್ಟರು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ‘ಗಾಡಿ ನಿಲ್ಲುತ್ತೆ ಅಂತ ದಿನಾ ಹತ್ತು ಜನ ಬರ್ತಾರಮ್ಮ, ಹೀಗೆ ಬರ್ಕೊಂಡು ಬರೋರು ಯಾರೂ ಇಲ್ಲ’ ಎಂದು ಮಗಳಿಗೆ ಹೇಳಿ, ಆ ಹಾಳೆಯ ಫೋಟೋ ತೆಗೆದುಕೊಂಡರು. ಕ್ಲಚ್ಚಿನ ಮಾತು ಆಡಿದ ಹುಡುಗ ಅಂದು ಎಲ್ಲೂ ಕಾಣಲಿಲ್ಲ, ರಜೆಯಲ್ಲಿದ್ದನೋ ಏನೋ.

ಈಗ ಬೈಕು ಎಂಟು ಸಾವಿರ ಕಿಲೋಮೀಟರ್ ದಾಟಿದೆ. ಕಡಕೊಳ, ಮಂಡಕಳ್ಳಿ ದಾಟಿಕೊಂಡು ದಿನವೂ ಕಾಲೇಜಿಗೆ ಹೋಗಿ ಬರುತ್ತಾಳೆ. ನಾನೀಗ ಗಡಿಯಾರ ನೋಡುವುದನ್ನು ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ. ಅಪ್ಪ ಬಂದಾಗಲೆಲ್ಲ ಮೊದಲು ಕೇಳುವುದು ನೋಟ್‌ಬುಕ್ಕನ್ನೇ. ಪೆಟ್ರೋಲ್ ಹಾಕಿಸಿದ ತಾರೀಕು, ಚೈನಿಗೆ ಎಣ್ಣೆ ಬಿಟ್ಟದ್ದು, ಟೈರಿನ ಗಾಳಿ, ಎಲ್ಲ ಅದರಲ್ಲಿದೆ. ಬರುವ ವಾರ ಸರ್ವೀಸಿಗೆ ಬಿಡಬೇಕು. ಅದಕ್ಕೆಂದು ನಿನ್ನೆ ಬರೆದಿಟ್ಟಿದ್ದಾಳೆ: ‘ಹಿಂದಿನ ಬ್ರೇಕ್ ಒತ್ತಿದಾಗ ಕೀಚಲು ಸದ್ದು. ಬೆಳಿಗ್ಗೆ ಮಾತ್ರ. ಮೊದಲ ಎರಡು ಕಿಲೋಮೀಟರ್. ಮಳೆ ಬಂದ ಮರುದಿನ ಹೆಚ್ಚು.’