ಶಾಲೆ ಮುಚ್ಚಿದಾಗ ಮಗುವಿನ ಮನಸ್ಸು

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಎಂದರೆ ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ 2020ರಲ್ಲಿ ಒಂದನೆಯ ತರಗತಿಗೆ ದಾಖಲಾದ ಮಗು ತರಗತಿಯಲ್ಲಿ ಕುಳಿತು ಪಾಠ ಕೇಳುವ ಹೊತ್ತಿಗೆ ಎರಡನೆಯ ತರಗತಿಗೆ ಬಂದಿತ್ತು. ಮಳೆ ಕೈಕೊಟ್ಟಾಗ ಕೂಲಿ ಅರಸಿ ಕುಟುಂಬಸಮೇತ ದೂರದೂರಿಗೆ ಹೋಗುವುದನ್ನು ಈ ಸೀಮೆ ‘ಗುಳೆ’ ಎನ್ನುತ್ತದೆ. ಹಾಗೆ ಹೋದವರು ಲಾಕ್‌ಡೌನ್‌ನಲ್ಲಿ ದುಡಿಮೆ ಕಳೆದುಕೊಂಡು ಊರಿಗೆ ಮರಳಿದಾಗ, ಹಿರಿಯರು ಬಾಯಿಬಿಟ್ಟು ಹೇಳದ ಆತಂಕವೂ ಮಕ್ಕಳಿಗೆ ತಟ್ಟದೆ ಇರಲಿಲ್ಲ. ಆರೇಳು ವರ್ಷದ ಮಗು ಅನೇಕ ವೇಳೆ ತನ್ನ ಭಯವನ್ನು ಭಯವೆಂದು ಹೆಸರಿಸಲಾರದು. ಕಾರಣ ಕಾಣದ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಾಯಿಯ ಸೆರಗು ಬಿಡದಿರುವುದು, ಹೀಗೆ ದಾಟಿಬಂದ ವಯಸ್ಸಿಗೆ ಮರಳಿ ಜಾರುವ ನಡವಳಿಕೆಯೇ ಎಷ್ಟೋ ಸಲ ಅದರ ಮಾತು; ಅದನ್ನು ಹಟವೆಂದು ಬಗೆದು ಹೊಡೆಯುವುದು ಅನ್ಯಾಯ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’, ಅಂದರೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಕಟ್ಟೆಯಲ್ಲೋ ಮರದ ನೆರಳಲ್ಲೋ ಸಣ್ಣ ಗುಂಪುಗಳಿಗೆ ಕಲಿಸಿದ ಯೋಜನೆ, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತಿತು. ಅದರ ಬೆಲೆಯನ್ನು ಕಲಿಸಿದ ಅಕ್ಷರಗಳಿಂದಷ್ಟೇ ಅಳೆಯಬಾರದು. ಪರಿಚಿತ ಮುಖವೊಂದು ಹೆಸರು ಹಿಡಿದು ಕರೆಯುವುದು, ಓರಗೆಯವರ ಜೊತೆ ಕೂರುವುದು, ನಾಳೆ ಏನಿದೆಯೆಂದು ತಿಳಿದಿರುವುದು, ಇವೇ ಎಳೆಯ ಮನಸ್ಸಿಗೆ ಮೊದಲ ಆಸರೆ. ಮಗುವಿನ ನಿದ್ದೆ, ಊಟ, ಆಟ ವಾರಗಟ್ಟಲೆ ತಪ್ಪಿದರೆ ತಜ್ಞರ ನೆರವು ಬೇಕಾಗುತ್ತದೆ; 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಳ್ಳಿಯಿಂದಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.