ಕೆರೆಯ ಪಾಲು

ಹಾನಗಲ್ಲಿನಿಂದ ಮೂಡಣ ದಿಕ್ಕಿಗೆ ಹೊರಟರೆ ನಾಡು ಮೆಲ್ಲಮೆಲ್ಲನೆ ತನ್ನ ಬಣ್ಣವನ್ನು ಬದಲಾಯಿಸುತ್ತ ಹೋಗುತ್ತದೆ. ಬೆನ್ನ ಹಿಂದೆ ಮುಂಡಗೋಡದ ಕಾಡು, ಸಹ್ಯಾದ್ರಿಯ ಸೆರಗು. ಮುಂದೆ ಹಾವೇರಿಯ ಬಯಲು, ಎರೆಯ ಹೊಲಗಳು. ಅತ್ತ ಮಲೆನಾಡೂ ಅಲ್ಲದ, ಇತ್ತ ಬಯಲುಸೀಮೆಯೂ ಅಲ್ಲದ ಈ ಪ್ರದೇಶವನ್ನು ಜನರು ಅರೆಮಲೆನಾಡು ಎಂದು ಕರೆಯುತ್ತಾರೆ. ಮಾವಿನ ತೋಪು, ಅಡಿಕೆಯ ತೋಟ, ಭತ್ತದ ಗದ್ದೆ, ಹತ್ತಿಯ ಹೊಲ, ಎಲ್ಲವೂ ಒಂದೇ ಬಸ್ಸಿನ ಪಯಣದಲ್ಲಿ ಕಿಟಕಿಯ ಹೊರಗೆ ಸರಿದುಹೋಗುತ್ತವೆ. ಎರಡು ಸೀಮೆಗಳ ಈ ಸಂಧಿಯಲ್ಲಿದೆ ಆಡೂರು.

ಕನ್ನಡವನ್ನು ಓದಿದವರಿಗೆ ಆಡೂರು ಎಂದೊಡನೆ ನೆನಪಾಗುವುದು ಅಲ್ಲಿಯ ಶಾಸನ. ಬಾದಾಮಿ ಚಾಲುಕ್ಯ ವಂಶದ ಕೊನೆಯ ಅರಸನಾದ ಎರಡನೆಯ ಕೀರ್ತಿವರ್ಮನ ಕಾಲದ್ದು ಅದು. ಎಂದರೆ ಎಂಟನೆಯ ಶತಮಾನದ ನಡುಭಾಗದ್ದು. ಜಿನಾಲಯವೊಂದಕ್ಕೆ ಭೂಮಿಯನ್ನು ದಾನವಾಗಿ ಬಿಟ್ಟ ಸಂಗತಿಯನ್ನು ಆ ಕಲ್ಲು ಹೇಳುತ್ತದೆ. ದಾನ ಕೊಟ್ಟುದು ಗದ್ದೆಯನ್ನು. ಹಳಗನ್ನಡದಲ್ಲಿ ‘ಗೞ್ದೆ’ ಎಂದಿದ್ದ ಮಾತು ಸವೆದು ಇಂದು ಗದ್ದೆಯಾಗಿದೆ. ಮಾತು ಸವೆಯಿತೇ ಹೊರತು ಗದ್ದೆ ಸವೆಯಲಿಲ್ಲ. ಆ ಸೀಮೆಯಲ್ಲಿ ಇಂದಿಗೂ ಕೂರಿಗೆಯಿಂದ ಭತ್ತವನ್ನು ಬಿತ್ತುತ್ತಾರೆ.

ಶಾಸನವನ್ನು ನೋಡಲೆಂದು ಹೋದ ನನ್ನನ್ನು ಹಿಡಿದು ನಿಲ್ಲಿಸಿದುದು ಈ ವಿಚಾರವೇ. ಹನ್ನೆರಡು ಶತಮಾನಗಳಿಗೂ ಮಿಗಿಲಾಗಿ ಉಣ್ಣಿಸುತ್ತ ಬಂದ ನೆಲ ಬರಡಾಗದೆ ಉಳಿದುದು ಹೇಗೆ? ಅಂಗಡಿಯ ಗೊಬ್ಬರ ಬಂದುದು ನಿನ್ನೆ ಮೊನ್ನೆ. ಅದಕ್ಕೂ ಮೊದಲು ಸಾವಿರ ವರ್ಷಗಳ ಕಾಲ ಈ ನೆಲದ ಚಾಕರಿಯನ್ನು ಮಾಡಿದವರು ಯಾರು?

ಉತ್ತರ ದೊರೆಯುವುದು ಕೆರೆಯ ಏರಿಯ ಮೇಲೆ. ಹಾನಗಲ್ಲ ತಾಲ್ಲೂಕು ಕೆರೆಗಳ ತಾಲ್ಲೂಕು. ವರದೆಯನ್ನು ಸೇರುವ ಧರ್ಮಾ ನದಿಯ ಕಾಲುವೆ ಅನೇಕ ಕೆರೆಗಳಿಗೆ ನೀರುಣಿಸುತ್ತದೆ. ಉಳಿದವುಗಳಿಗೆ ಮಳೆಯೇ ಗತಿ. ಏರಿ, ತೂಬು, ಕೋಡಿ ಇವಿಷ್ಟನ್ನು ಕಟ್ಟಿದರೆ ಕೆರೆಯಾಯಿತೆಂದು ನಾವು ಪೇಟೆಯವರು ತಿಳಿಯುತ್ತೇವೆ. ಅದು ಕೆರೆಯ ಎಲುಬು ಮಾತ್ರ. ಜೀವ ಬೇರೆಯೇ ಇದೆ.

ಮೊದಲ ಮಳೆಗೆ ಹೊಲದ ಮಣ್ಣು, ಒಣಗಿದ ಎಲೆ, ದನಗಳ ಸೆಗಣಿ ಎಲ್ಲವೂ ಹರಿದು ಕೆರೆಯನ್ನು ಸೇರುತ್ತವೆ. ತಳದ ಕೆಸರಿನಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಆ ಕಸವನ್ನೆಲ್ಲ ಕೊಳೆಯಿಸಿ ಸಾರವನ್ನಾಗಿ ಮಾಡುತ್ತವೆ. ಆ ಸಾರವನ್ನೂ ಸೂರ್ಯನ ಬೆಳಕನ್ನೂ ಉಂಡು ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸಣ್ಣ ಜೀವಿಗಳೂ ಅವುಗಳನ್ನು ಮರಿಮೀನುಗಳೂ ತಿನ್ನುತ್ತವೆ. ಮರಿಮೀನುಗಳು ಸೊಳ್ಳೆಯ ಮರಿಗಳನ್ನೂ ಬಿಡುವುದಿಲ್ಲ. ಮೀನನ್ನು ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳು ಹಿಡಿಯುತ್ತವೆ; ಏರಿಯ ಮರಗಳ ಮೇಲೆ ಕುಳಿತು ಹಿಕ್ಕೆಯ ರೂಪದಲ್ಲಿ ಸಾಲವನ್ನು ತೀರಿಸುತ್ತವೆ. ಬೇಸಗೆಯಲ್ಲಿ ನೀರಿಳಿದಾಗ ರೈತರು ತಳದ ಗೋಡುಮಣ್ಣನ್ನು ಬಂಡಿಗಳಲ್ಲಿ ಹೇರಿ ಹೊಲಕ್ಕೆ ಒಯ್ಯುತ್ತಾರೆ. ಹೊಲದಿಂದ ಬಂದುದು ಹೊಲಕ್ಕೆ ಮರಳಿತು. ಕೆರೆಯ ಹೂಳೂ ಖಾಲಿಯಾಯಿತು.

ಜೀವಿಗಳು, ಮಣ್ಣು, ನೀರು, ಗಾಳಿ, ಬೆಳಕು ಎಲ್ಲವೂ ಸೇರಿ ನಡೆಸುವ ಇಂತಹ ಸಂಸಾರಕ್ಕೆ ಪರಿಸರ ವ್ಯವಸ್ಥೆ ಎಂಬ ಅರ್ಥದ ಹೆಸರನ್ನು 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ ಕೊಟ್ಟನು. ಹೆಸರು ಹೊಸದು, ಸಂಸಾರ ಹಳೆಯದು. ಅದರಲ್ಲಿ ಸಂಬಳವಿಲ್ಲದೆ ದುಡಿಯುವವರ ಸಂಖ್ಯೆ ದೊಡ್ಡದು. ಒಬ್ಬರು ಬಿಟ್ಟುಹೋದರೆ ಅವರ ಕೆಲಸ ನಿಲ್ಲುತ್ತದೆ. ಆದರೆ ನಿಂತ ಕೆಲಸ ನಮ್ಮ ಕಣ್ಣಿಗೆ ಬೀಳುವುದು ಬೇರೊಂದು ಕಡೆಯಲ್ಲಿ, ಬಹಳ ತಡವಾಗಿ.

ಏರಿಯ ಮೇಲೆ ಎತ್ತು ಮೇಯಿಸುತ್ತ ಕುಳಿತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆನು.

“ಅಜ್ಜಾರ, ಈ ವರ್ಷ ಕೆರಿ ತುಂಬೇತೇನ್ರಿ?”

“ನೀರೇನೋ ತುಂಬೇತ್ರೀ ಮಾಸ್ತರ. ಆದ್ರ ನೀರು ತುಂಬಿದ ಕೂಡ್ಲೆ ಕೆರಿ ತುಂಬಿತು ಅನ್ನಾಕ ಬರೂದಿಲ್ಲ. ನಾವು ಸಣ್ಣಾವ್ರಿದ್ದಾಗ ಮಳಿ ಬಿದ್ದ ರಾತ್ರಿ ಕಪ್ಪಿ ಸಪ್ಪಳಕ್ಕ ನಿದ್ದಿ ಹತ್ತತಿರಲಿಲ್ಲ. ಈಗ ಚಲೋ ನಿದ್ದಿ ಹತ್ತತೈತಿ. ಆದ್ರ ಹೊಲದಾಗ ಹುಳ ಹೆಚ್ಚಾಗ್ಯಾವ.”

ಕಪ್ಪೆಗೂ ಹುಳುವಿಗೂ ಇರುವ ನಂಟನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದರೆ ಅದೇ ಪಾಠವನ್ನು ನಮ್ಮ ದೇಶ ಒಮ್ಮೆ ಬೆಲೆ ತೆತ್ತು ಕಲಿತಿದೆ. ಕಪ್ಪೆಯ ಕಾಲುಗಳಿಗೆ ಯೂರೋಪು, ಅಮೆರಿಕಗಳ ಊಟದ ಮೇಜಿನಲ್ಲಿ ಬಹಳ ಬೇಡಿಕೆ. ಭಾರತದಿಂದ ವರ್ಷಕ್ಕೆ ಸಾವಿರಾರು ಟನ್ನುಗಳಷ್ಟು ಕಾಲುಗಳು ಹಡಗೇರುತ್ತಿದ್ದ ಕಾಲವೊಂದಿತ್ತು. ಗದ್ದೆಯ ಕೀಟಗಳನ್ನು ಪುಕ್ಕಟೆಯಾಗಿ ತಿನ್ನುತ್ತಿದ್ದ ಪ್ರಾಣಿಯನ್ನು ಮಾರಿ, ಬಂದ ಹಣವನ್ನು ಕೀಟನಾಶಕಕ್ಕೆ ಸುರಿಯುವ ವ್ಯಾಪಾರ ಲಾಭದ್ದಲ್ಲವೆಂದು ವಿಜ್ಞಾನಿಗಳು ಎಚ್ಚರಿಸಿದರು. ಕೊನೆಗೆ 1987ರಲ್ಲಿ ಸರಕಾರ ಈ ರಫ್ತನ್ನು ನಿಷೇಧಿಸಿತು. ಆದರೆ ಬಲೆಯಿಂದ ಪಾರಾದ ಕಪ್ಪೆಗೆ ಗದ್ದೆಗೆ ಸುರಿಯುವ ವಿಷದಿಂದ ಬಿಡುಗಡೆಯಿಲ್ಲ. ಅದರ ಚರ್ಮ ನೀರಿನೊಡನೆ ವಿಷವನ್ನೂ ಹೀರುತ್ತದೆ.

ಕೆರೆಯ ಕೆಳಗಿನ ಗದ್ದೆಯನ್ನು ದಾಟಿ ದಿಬ್ಬದ ಹೊಲಗಳನ್ನೇರಿದರೆ ಮತ್ತೊಂದು ನೋಟ. ಕಣ್ಣು ಹಾಯುವವರೆಗೆ ಗೋವಿನಜೋಳ. ಜೋಳದ ಸಾಲುಗಳ ನಡುವೆ ತೊಗರಿ, ಹೆಸರು, ಅಲಸಂದಿಗಳ ಅಕ್ಕಡಿ ಹಾಕುತ್ತಿದ್ದ ಪದ್ಧತಿ ಹಿಂದೆ ಸರಿದು, ಹಾವೇರಿ ಜಿಲ್ಲೆಯ ಬಹುಭಾಗದಲ್ಲಿ ಈ ಒಂದೇ ಬೆಳೆ ನೆಲವನ್ನಾಳುತ್ತಿದೆ. ರೈತನನ್ನು ದೂರುವಂತಿಲ್ಲ, ಕಡಿಮೆ ಆಳು, ಕೈಗೆ ರೊಕ್ಕ, ಕೊಳ್ಳುವ ಪೇಟೆ ಎಲ್ಲವೂ ಆ ಬೆಳೆಗಿದೆ. ಆದರೆ ಎಲ್ಲ ಹೊಲವೂ ಒಂದೇ ಬೆಳೆಯಾದಾಗ ಎಲ್ಲ ಹೊಲಕ್ಕೂ ಒಂದೇ ವೈರಿ ಸಾಕು. 2018ರಲ್ಲಿ ಆ ವೈರಿ ಬಂದಿತು. ಅಮೆರಿಕ ಖಂಡದ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲಿಗೆ ಕಾಣಿಸಿಕೊಂಡುದು ಪಕ್ಕದ ಶಿವಮೊಗ್ಗೆಯಲ್ಲಿಯೇ. ಗೋವಿನಜೋಳದ ಸುಳಿಯಲ್ಲಿ ಅಡಗಿ ಕುಳಿತು ತಿನ್ನುವ ಈ ಹುಳು ಒಂದೆರಡು ವರ್ಷಗಳಲ್ಲಿ ದೇಶದ ಬಹುಭಾಗವನ್ನು ವ್ಯಾಪಿಸಿತು.

ಆಗ ನೆರವಿಗೆ ಬಂದವರಲ್ಲಿ ನಮ್ಮ ಹಳೆಯ ಚಾಕರರೂ ಇದ್ದರು. ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುವ ಎಳ್ಳಿಗಿಂತ ಸಣ್ಣ ಕಣಜ, ಮಳೆಗಾಲದ ತೇವದಲ್ಲಿ ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ನೊಮುರಿಯಾ ಎಂಬ ಬೂಷ್ಟು, ಹೊಲದಲ್ಲಿ ಇಳಿದು ಹುಳುವನ್ನು ಹೆಕ್ಕುವ ಹಕ್ಕಿ. ಈ ಬೂಷ್ಟನ್ನು ಬೆಳೆಸಿ ಸಿಂಪಡಿಸುವುದನ್ನು ಕೃಷಿ ವಿಜ್ಞಾನಿಗಳು ರೈತರಿಗೆ ಹೇಳಿಕೊಡುತ್ತಿದ್ದಾರೆ. ಬದುವಿನ ಗಿಡಗಂಟಿಯನ್ನೆಲ್ಲ ಸುಟ್ಟು ಹೊಲವನ್ನು ‘ಸ್ವಚ್ಛ’ ಮಾಡಿದವನಿಗೆ ಕಣಜವೂ ಇಲ್ಲ, ಹಕ್ಕಿಯೂ ಇಲ್ಲ. ನಾವು ಕಸವೆಂದು ಕರೆದುದು ಅವುಗಳ ಮನೆಯಾಗಿತ್ತು.

ಹಾಗಾದರೆ ಎಲ್ಲೆಡೆ ಗಿಡ ನೆಟ್ಟರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಅಂತಹವರು ಇದೇ ಜಿಲ್ಲೆಯ ರಾಣೆಬೆನ್ನೂರಿಗೆ ಹೋಗಿ ಬರಬೇಕು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರುಗಳ ಕೃಷ್ಣಮೃಗ ಧಾಮ ಸ್ಥಾಪನೆಯಾಯಿತು. ಕೃಷ್ಣಮೃಗಗಳು ಇಂದಿಗೂ ಅಲ್ಲಿ ಜಿಗಿಯುತ್ತಿವೆ. ಆದರೆ ಅದೇ ಬಯಲಿನಲ್ಲಿ ವಾಸವಾಗಿದ್ದ ಎರೆಭೂತ ಎಂಬ ಮಹಾಪಕ್ಷಿ ಈಗ ಅಲ್ಲಿಲ್ಲ. ಮೀಟರು ಎತ್ತರದ ಈ ಹಕ್ಕಿ ಸಾಮಾನ್ಯವಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ದೂರದಿಂದ ವೈರಿಯನ್ನು ಕಾಣಲು ಅದಕ್ಕೆ ತೆರೆದ ಹುಲ್ಲುಗಾವಲು ಬೇಕು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಭಾವಿಸಿ ಅಲ್ಲಿ ಸಾಲುಸಾಲಾಗಿ ನೀಲಗಿರಿಯನ್ನು ನೆಟ್ಟರು. ನಾಡು ಹಸುರಾಯಿತು, ಹಕ್ಕಿಗೆ ಮನೆಯಿಲ್ಲದಾಯಿತು. ಹಸುರೆಲ್ಲವೂ ಒಂದೇ ಅಲ್ಲ. ಹುಲ್ಲಿಗೆ ಹುಲ್ಲಿನ ಸಂಸಾರ, ಕಾಡಿಗೆ ಕಾಡಿನ ಸಂಸಾರ, ಕೆರೆಗೆ ಕೆರೆಯ ಸಂಸಾರ.

ಕಥೆಯೆಲ್ಲ ಕಳೆದುಕೊಂಡುದೇ ಅಲ್ಲ. ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ ತಂಗಿದ್ದು ಸಂಜೆಯಾದೊಡನೆ ಹೊಲಗಳಿಗೆ ಇಳಿಯುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ಮಂಗೋಲಿಯದ ಹಕ್ಕಿಯೊಂದಕ್ಕೆ ಕನ್ನಡ ನಾಡಿನ ಹಳ್ಳಿಯ ಕೆರೆ ತವರಿನ ಇನ್ನೊಂದು ಕೋಣೆಯಾಗಿರುವುದು ಸಣ್ಣ ಮಾತಲ್ಲ.

ಓದುಗರು ಆಡೂರಿನ ಕಡೆಗೆ ಹೋಗುವುದಾದರೆ ಕಾರ್ತಿಕದಲ್ಲಿ ಹೋಗಬೇಕು. ಮಳೆ ಮುಗಿದಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಭತ್ತದ ತೆನೆ ಬಾಗಿರುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲುಕಮಲವನ್ನು ನೋಡಿದ ಮೇಲೆ ಯಾವುದಾದರೊಂದು ಕೆರೆಯ ಏರಿಯ ಮೇಲೆ ಮಕ್ಕಳೊಡನೆ ಒಂದು ಗಂಟೆ ಕುಳಿತು, ಎಷ್ಟು ಬಗೆಯ ಜೀವಿಗಳು ಕಣ್ಣಿಗೆ ಬೀಳುತ್ತವೆ ಎಂದು ಎಣಿಸಿ ನೋಡಬಹುದು.

ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತೊಂದು ಬರುತ್ತದೆ. ಕೆರೆಯನ್ನು ಕಟ್ಟಿ ಕೈತೊಳೆದುಕೊಳ್ಳದೆ, ಅದರ ರಕ್ಷಣೆಗಾಗಿಯೇ ಅಂದಿನವರು ತೆಗೆದಿರಿಸುತ್ತಿದ್ದ ಪಾಲು ಅದು. ಕೆರೆಯಿಂದ ಉಂಡವನು ಕೆರೆಗೂ ಕೊಡಬೇಕೆಂಬುದು ಅದರ ನ್ಯಾಯ. ಅಂದು ಆ ಪಾಲು ಕೆರೆಯ ಏರಿಗೆ, ತೂಬಿಗೆ ಸಲ್ಲುತ್ತಿತ್ತು. ಇಂದು ಅದರಲ್ಲಿ ಕಪ್ಪೆಗೆ, ಮೀನಿಗೆ, ಬದುವಿನ ಗಿಡಕ್ಕೆ, ಬಯಲಿನ ಹುಲ್ಲಿಗೂ ಒಂದಂಶವಿರಬೇಕಾಗಿದೆ. ಬದುವಿನಲ್ಲಿ ಒಂದು ಮೊಳ ನೆಲವನ್ನು ಉಳದೆ ಬಿಡುವ ರೈತ, ಕೆರೆಗೆ ಊರ ಕೊಳಚೆಯನ್ನು ಬಿಡದಿರುವ ಪಂಚಾಯಿತಿ, ಹೊಸ ಬಡಾವಣೆಗಾಗಿ ಕೆರೆಯಂಗಳವನ್ನು ಕೇಳದಿರುವ ಪೇಟೆಯ ಸಂಸಾರಸ್ಥ, ಇವರೆಲ್ಲರೂ ಆ ಪಾಲನ್ನು ತಮಗೆ ತಿಳಿಯದೆಯೇ ಸಲ್ಲಿಸುತ್ತಿರುವವರು. ಅವರ ಸಂಖ್ಯೆ ಹೆಚ್ಚಿದರೆ ಮಳೆಗಾಲದ ಯಾವುದಾದರೂ ರಾತ್ರಿ ಆ ಅಜ್ಜನಿಗೆ ಮತ್ತೆ ನಿದ್ದೆ ಕೆಡಬಹುದು.